ಬಾಹ್ಯಾಕಾಶದಲ್ಲಿ ಢಮಾರ್ ಅಂದರೆ ಯಾರ ಕಿವಿಗೆ ಕೇಳಿಸುತ್ತೆ?

ಪ್ರಶ್ನೆ: ಬಾಹ್ಯಾಕಾಶದ ಸಿನಿಮಾ ಹಾಕಿದಾಗಲೆಲ್ಲ ನಮ್ಮ ಭಾವ ಶುರು ಮಾಡುತ್ತಾರೆ: "ಅಲ್ಲಿ ಗಾಳಿನೇ ಇಲ್ಲ, ಸದ್ದು ಎಲ್ಲಿಂದ ಬಂತು? ಎಲ್ಲ ಬೊಗಳೆ." ಮೊನ್ನೆ ಸ್ಫೋಟದ ಸೀನ್ ಬಂದಾಗ ಟಿವಿಯನ್ನೇ ಆಫ್ ಮಾಡಿಬಿಟ್ಟರು. ಅಷ್ಟು ದುಡ್ಡು ಹಾಕಿ ಸಿನಿಮಾ ಮಾಡುವ ನಿರ್ದೇಶಕರಿಗೆ ಇದು ಗೊತ್ತಿಲ್ವಾ? ನಿಜವಾಗಿ ಅಲ್ಲಿ ಹೋದವರಿಗೆ ಏನು ಕೇಳಿಸುತ್ತದೆ? ಸದ್ದೇ ಇಲ್ಲ ಅಂದ ಮೇಲೆ ನಾಸಾದವರು ಬಿಟ್ಟ 'ಕಪ್ಪುಕುಳಿಯ ಸದ್ದು' ಸುಳ್ಳಾ?

ಉತ್ತರ: ನಿಮ್ಮ ಭಾವ ಹೇಳುವುದು ಅರ್ಧ ಸರಿ. ಗಾಳಿ ಇಲ್ಲದ ಕಡೆ ಸದ್ದು ಸಾಗುವುದಿಲ್ಲ, ಒಪ್ಪಿದೆ. ಹಾಗಂತ ಬಾಹ್ಯಾಕಾಶದಲ್ಲಿರುವ ಮನುಷ್ಯನಿಗೆ ಏನೂ ಕೇಳಿಸುವುದಿಲ್ಲ ಅಂತ ಆಗುವುದಿಲ್ಲ.

ನಾನು ಭೌತಶಾಸ್ತ್ರ ಓದಿ ಆಮೇಲೆ ಸಿನಿಮಾ ಸೌಂಡ್ ಕೆಲಸಕ್ಕೆ ಬಂದವನು. ಮಿಕ್ಸಿಂಗ್‌ಗೆ ಕೂತಾಗ ನಮ್ಮ ಮೊದಲ ಪ್ರಶ್ನೆ 'ಇದು ವಿಜ್ಞಾನಕ್ಕೆ ಸರಿಯಾ' ಅಂತ ಅಲ್ಲ. 'ಮೈಕ್ ಎಲ್ಲಿದೆ' ಅಂತ. ಅಂದರೆ ಈ ಸೀನನ್ನು ಪ್ರೇಕ್ಷಕ ಯಾರ ಕಿವಿಯಿಂದ ಕೇಳುತ್ತಿದ್ದಾನೆ? ನೌಕೆಯ ಒಳಗೆ ಕೂತವನ ಕಿವಿಯಿಂದಲೋ, ಹೆಲ್ಮೆಟ್ ಹಾಕಿಕೊಂಡು ಹೊರಗೆ ತೇಲುತ್ತಿರುವವನ ಕಿವಿಯಿಂದಲೋ, ಇಲ್ಲ ಯಾರೂ ಇಲ್ಲದ ಕಡೆ ಇಟ್ಟ ಕ್ಯಾಮೆರಾದಿಂದಲೋ? ನಿಮ್ಮ ಮನೆಯ ಜಗಳ ಪೂರ್ತಿ ಈ ಮೂರನೇ ಜಾಗದ್ದು. ಉಳಿದೆರಡು ಕಡೆ ಸದ್ದು ಬೇಕಾದಷ್ಟಿದೆ.

ಮೊದಲು ಗಾಳಿಯ ವಿಷಯ ಮುಗಿಸೋಣ. ಜಾತ್ರೆಯಲ್ಲಿ ತೇರಿನ ಹತ್ತಿರ ನಿಂತಿದ್ದೀರಿ ಅಂದುಕೊಳ್ಳಿ. ಹಿಂದೆ ಯಾರೋ ನೂಕಿದರೆ ಆ ನೂಕು ಒಬ್ಬರಿಂದ ಒಬ್ಬರಿಗೆ ದಾಟಿ ಮುಂದಿನ ಸಾಲಿಗೆ ಬರುತ್ತದೆ. ನೂಕಿದವನು ಅಲ್ಲೇ ಇರುತ್ತಾನೆ, ನೂಕು ಮಾತ್ರ ಬರುತ್ತದೆ. ಸದ್ದು ಅಂದರೆ ಅಷ್ಟೇ. ನಮ್ಮ ಸುತ್ತ ಒಂದು ಘನ ಸೆಂಟಿಮೀಟರ್ ಜಾಗದಲ್ಲಿ ಗಾಳಿಯ ಅಣುಗಳು ಸುಮಾರು ಎರಡೂವರೆ ಲಕ್ಷ ಕೋಟಿ ಕೋಟಿ ಇವೆ. ಒಂದು ಅಣು ಇನ್ನೊಂದಕ್ಕೆ ಡಿಕ್ಕಿ ಹೊಡೆಯಲು ಒಂದು ಮಿಲಿಮೀಟರಿನ ಹತ್ತು ಸಾವಿರದ ಒಂದು ಭಾಗದಷ್ಟೂ ಹೋಗಬೇಕಾಗಿಲ್ಲ. ಅದೇ ಭೂಮಿಯನ್ನು ಬಿಟ್ಟು ದೂರ, ಸೂರ್ಯನ ಸುತ್ತ ಭೂಮಿ ಓಡುವ ಆ ಖಾಲಿ ಜಾಗದಲ್ಲಿ, ಅಷ್ಟೇ ಜಾಗಕ್ಕೆ ಐದೋ ಹತ್ತೋ ಕಣ. ಜಾತ್ರೆ ಮುಗಿದ ಮೈದಾನ. ಯಾರು ಯಾರನ್ನು ನೂಕುತ್ತಾರೆ?

ಹೈಸ್ಕೂಲಿನಲ್ಲಿ ಬೆಲ್ ಜಾರ್ ಪ್ರಯೋಗ ನೋಡಿರುತ್ತೀರಿ. ನೋಡದಿದ್ದರೂ ಪರೀಕ್ಷೆಯಲ್ಲಿ ಚಿತ್ರವನ್ನಂತೂ ಬರೆದಿರುತ್ತೀರಿ. ಗಾಜಿನ ಜಾಡಿಯೊಳಗೆ ಕರೆಗಂಟೆ ಬಾರಿಸುತ್ತಿರುತ್ತದೆ, ಪಂಪಿನಿಂದ ಗಾಳಿ ತೆಗೆದರೆ ಸದ್ದು ಸಣ್ಣಗಾಗುತ್ತಾ ಹೋಗುತ್ತದೆ. ರಾಬರ್ಟ್ ಬಾಯ್ಲ್ 1660ರ ಹೊತ್ತಿಗೇ ಇದನ್ನು ಮಾಡಿ ತೋರಿಸಿದ್ದ. ಮೇಷ್ಟ್ರು ಹೇಳದೆ ಬಿಡುವ ಒಂದು ವಿಷಯ ಇದರಲ್ಲಿದೆ. ಶಾಲೆಯ ಪಂಪು ಜಾಡಿಯನ್ನು ಪೂರ್ತಿ ಖಾಲಿ ಮಾಡುವುದಿಲ್ಲ. ಉಳಿದ ತೆಳು ಗಾಳಿಯಲ್ಲೂ ಸದ್ದು ಸಾಗಬಲ್ಲದು. ಆದರೆ ಗಂಟೆಯ ಲೋಹದಿಂದ ಆ ತೆಳು ಗಾಳಿಗೆ, ಅಲ್ಲಿಂದ ಮತ್ತೆ ದಪ್ಪ ಗಾಜಿಗೆ ದಾಟುವಾಗ ಹೆಚ್ಚಿನದೆಲ್ಲ ಅಲ್ಲೇ ಉಳಿದುಹೋಗುತ್ತದೆ. ಸದ್ದು ಕೇಳಿಸದಿರಲು ಮುಖ್ಯ ಕಾರಣ ಅದು.

ಇನ್ನೊಂದು ವಿಷಯ ನಮ್ಮ ಸಿನಿಮಾಕ್ಕೆ ಬೇಕಾದದ್ದು. ಆ ಗಂಟೆಯನ್ನು ತೆಳು ತಂತಿಗೆ ನೇತುಹಾಕಿರುತ್ತಾರೆ, ಯಾಕೆ? ಜಾಡಿಯ ತಳಕ್ಕೆ ತಾಗಿಸಿಟ್ಟರೆ ಎಷ್ಟು ಗಾಳಿ ತೆಗೆದರೂ ಗಂಟೆ ಕೇಳಿಸುತ್ತಲೇ ಇರುತ್ತದೆ. ತಳದ ಮೂಲಕ ಟೇಬಲ್ಲಿಗೆ, ಟೇಬಲ್ಲಿಂದ ನಿಮಗೆ. ಸದ್ದಿಗೆ ಗಾಳಿಯೇ ಆಗಬೇಕಂತಿಲ್ಲ. ಮುಟ್ಟುವುದಕ್ಕೆ ಏನಾದರೂ ಇದ್ದರೆ ಸಾಕು.

ಇದನ್ನು ಇವತ್ತೇ ಮಾಡಿ ನೋಡಿ. ಒಂದು ಸ್ಟೀಲ್ ಸೌಟಿನ ಹಿಡಿಯನ್ನು ಒಂದು ಮೀಟರ್ ದಾರದ ನಡುವೆ ಕಟ್ಟಿ. ದಾರದ ಎರಡು ತುದಿಗಳನ್ನು ಎರಡು ತೋರುಬೆರಳಿಗೆ ಸುತ್ತಿ, ಬೆರಳುಗಳಿಂದ ಕಿವಿ ಮುಚ್ಚಿಕೊಳ್ಳಿ. ಬಗ್ಗಿ ನಿಂತು ಸೌಟು ಮೇಜಿನ ಅಂಚಿಗೆ ತಾಗುವಂತೆ ತೂಗಿ. ಪಕ್ಕದಲ್ಲಿದ್ದವರಿಗೆ 'ಟಿಣ್' ಅಂತ ಪಾತ್ರೆ ಸದ್ದು. ನಿಮಗೆ ದೇವಸ್ಥಾನದ ದೊಡ್ಡ ಗಂಟೆ! ದಾರ, ಬೆರಳು, ಮೂಳೆ, ಹೀಗೆ ಬಂದ ಸದ್ದು ಅದು. ಒಂದೇ ಏಟು, ಎರಡು ಜಾಗದ ಕಿವಿ, ಎರಡು ಬೇರೆ ಸದ್ದು. ಭಾವನವರಿಗೂ ಕೊಡಿ, ಸ್ವಲ್ಪ ಹೊತ್ತು ಮಾತಾಡುವುದಿಲ್ಲ.

ಈಗ ಗಗನಯಾತ್ರಿಯ ಕಿವಿಗೆ ಬರೋಣ. ಅವನ ಸೂಟಿನೊಳಗೆ ಆಮ್ಲಜನಕ ಇದೆ. ಒತ್ತಡ ನಮ್ಮ ಗಾಳಿಯ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ, ಸದ್ದಿಗೆ ಅಷ್ಟು ಸಾಕು. ಫ್ಯಾನಿನ ಗುಂಯ್ ಸದ್ದು, ಅವನದೇ ಉಸಿರು, ರೇಡಿಯೋದ ಮಾತು, ಇಷ್ಟು ಸದಾ ಇರುತ್ತದೆ. ಕೈಯಲ್ಲಿ ಹಿಡಿದ ಉಪಕರಣ ತಿರುಗಿದರೆ ಅದರ ನಡುಕ ಗ್ಲೌಸಿನಿಂದ ತೋಳಿಗೆ, ತೋಳಿನಿಂದ ಸೂಟಿಗೆ ಬರುತ್ತದೆ. ನೀರೊಳಗೆ ಮುಳುಗಿ ಕೇಳಿದ ಹಾಗೆ, ಮೊಂಡಾಗಿ.

ನೌಕೆಯ ಒಳಗಂತೂ ಗಲಾಟೆಯೋ ಗಲಾಟೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಫ್ಯಾನು, ಪಂಪು ಹಗಲೂ ರಾತ್ರಿ ಓಡುತ್ತಿರುತ್ತವೆ. ಗುರುತ್ವ ಅನುಭವಕ್ಕೆ ಬಾರದ ಕಡೆ ಬಿಸಿಗಾಳಿ ಮೇಲೇರುವುದಿಲ್ಲ, ಗಾಳಿ ತಾನಾಗಿ ಆಡುವುದಿಲ್ಲ. ಫ್ಯಾನ್ ನಿಂತರೆ ನೀವು ಬಿಟ್ಟ ಉಸಿರು ನಿಮ್ಮ ಮುಖದ ಸುತ್ತಲೇ ಗುಳ್ಳೆ ಕಟ್ಟಿ ನಿಲ್ಲುತ್ತದೆ. ಮಲಗಿದ್ದವನು ಅದನ್ನೇ ಮತ್ತೆ ಎಳೆದುಕೊಳ್ಳಬೇಕು. ಹಾಗಾಗಿ ನಮಗೆ ಫ್ಯಾನ್ ಸದ್ದು ಕಿರಿಕಿರಿ ಆದರೆ ಅಲ್ಲಿ ಸದ್ದು ನಿಲ್ಲುವುದೇ ಹೆದರಿಕೆ. ಸಿನಿಮಾದವರು ಇದನ್ನು ಇನ್ನೂ ಸರಿಯಾಗಿ ಬಳಸಿಕೊಂಡಿಲ್ಲ ಅಂತ ನನಗೆ ಬೇಜಾರಿದೆ.

2003ರಲ್ಲಿ ಚೀನಾದ ಮೊದಲ ಗಗನಯಾತ್ರಿ ಯಾಂಗ್ ಲಿವೇ ಶೆಂಝೌ-5ರಲ್ಲಿ ಒಬ್ಬನೇ ಹೋಗಿದ್ದಾಗ ಯಾರೋ ನೌಕೆಯನ್ನು ತಟ್ಟಿದ ಹಾಗೆ ಸದ್ದು ಕೇಳಿದ. ಮರದ ಸುತ್ತಿಗೆಯಿಂದ ಕಬ್ಬಿಣದ ಬಕೆಟ್ ಬಡಿದಂತೆ ಇತ್ತು ಅಂತ ಆಮೇಲೆ ಹೇಳಿಕೊಂಡ. ಕಿಟಕಿಯಲ್ಲಿ ಇಣುಕಿದರೆ ಯಾರೂ ಇಲ್ಲ! ನಂತರ ಹೋದವರಿಗೂ ಇದು ಕೇಳಿಸಿತು. ಇದರಲ್ಲಿ ದೆವ್ವ ಭೂತ ಏನಿಲ್ಲ. ಬಿಸಿಲು ನೆರಳು ಬದಲಾದಾಗ, ಒತ್ತಡ ಬದಲಾದಾಗ ಲೋಹದ ಗೋಡೆ ಟಕ್ ಅನ್ನುತ್ತದೆ, ಮಧ್ಯಾಹ್ನದ ಬಿಸಿಲಿಗೆ ನಮ್ಮ ತಗಡಿನ ಛಾವಣಿ ಅನ್ನುವ ಹಾಗೆ.

ಸ್ಫೋಟದ ವಿಷಯದಲ್ಲೂ ಒಂದು ತಿದ್ದುಪಡಿ. ಪಕ್ಕದ ನೌಕೆ ಸಿಡಿದರೆ ಅದರೊಳಗಿನ ಗಾಳಿ, ಇಂಧನದ ಅನಿಲ, ಚೂರುಗಳು ಎಲ್ಲ ಕಡೆ ಹಾರುತ್ತವೆ. ಅವು ನಿಮ್ಮ ನೌಕೆಯ ಗೋಡೆಗೆ ಬಡಿದರೆ ಒಳಗೆ ಕೂತ ನಿಮಗೆ ಧಡ್ ಅಂತ ಕೇಳಿಸಿಯೇ ಕೇಳಿಸುತ್ತದೆ. ದೂರ ಹೆಚ್ಚಿದಂತೆ ಅನಿಲ ಹರಡಿ ತೆಳುವಾಗುವುದರಿಂದ ಹತ್ತಿರ ಇದ್ದರೆ ಮಾತ್ರ. ಭಾವನವರು ಆಫ್ ಮಾಡಿದ ಸೀನಿನಲ್ಲಿ ಹೀರೋ ನೌಕೆಯ ಒಳಗಿದ್ದನಾ, ಒಮ್ಮೆ ಕೇಳಿ ನೋಡಿ.

ಇನ್ನು ಸಿನಿಮಾ. 2013ರಲ್ಲಿ ಬಂದ ಅಲ್ಫಾನ್ಸೋ ಕ್ವಾರೋನ್ ಅವರ 'ಗ್ರಾವಿಟಿ' ನಮ್ಮ ಕೆಲಸದವರಿಗೆಲ್ಲ ಪಾಠ ಇದ್ದ ಹಾಗೆ. ಸದ್ದು ಒಯ್ಯಲು ಇಲ್ಲಿ ಏನೂ ಇಲ್ಲ ಅಂತ ಶುರುವಿನಲ್ಲೇ ಪರದೆ ಮೇಲೆ ಬರೆದು ತೋರಿಸುತ್ತಾರೆ. ಆಗ ಸಂಗೀತ ಏರುತ್ತಾ ಏರುತ್ತಾ ಕಿವಿ ಗಡಚಿಕ್ಕುವ ಮಟ್ಟಕ್ಕೆ ಹೋಗಿ, ಕತ್ತರಿ ಹಾಕಿದ ಹಾಗೆ ನಿಂತುಬಿಡುತ್ತದೆ. ಎದುರಿಗೆ ಭೂಮಿ. ಸದ್ದಿಲ್ಲ. ಬರೀ ಖಾಲಿ ತೋರಿಸಿದ್ದರೆ ಖಾಲಿ ಅನಿಸುತ್ತಿರಲಿಲ್ಲ, ಅದಕ್ಕೇ ಮೊದಲು ಕಿವಿ ತುಂಬಿಸಿದರು. ಆಮೇಲೆ ಸಣ್ಣಗೆ ರೇಡಿಯೋ ಮಾತು ಹತ್ತಿರ ಬರುತ್ತದೆ.

ಆ ಸಿನಿಮಾದ ಸೌಂಡ್ ಡಿಸೈನರ್ ಗ್ಲೆನ್ ಫ್ರೀಮ್ಯಾಂಟಲ್ ಮತ್ತು ತಂಡ ಒಂದು ಕಟ್ಟುಪಾಡು ಹಾಕಿಕೊಂಡಿತ್ತು: ನಾಯಕಿ ಮುಟ್ಟಿದ್ದು ಮಾತ್ರ ಕೇಳಿಸಬೇಕು. ಅವಳ ಕೈ ಹಿಡಿಕೆಗೆ ಬಿದ್ದರೆ ದೊಪ್ ಅನ್ನುವ ಮೊಂಡು ಸದ್ದು. ಕೈ ಬಿಟ್ಟರೆ ಇಲ್ಲ. ಬೆನ್ನ ಹಿಂದೆ ಇಡೀ ನಿಲ್ದಾಣ ಚೂರು ಚೂರಾಗುತ್ತಿದ್ದರೂ ಒಂದು ಟಣ್ ಇಲ್ಲ. ಆ ಜಾಗದಲ್ಲಿ ಢಮಾರ್ ಅನ್ನುವ ಕೆಲಸವನ್ನು ಸ್ಟೀವನ್ ಪ್ರೈಸ್ ಅವರ ಸಂಗೀತ ವಹಿಸಿಕೊಂಡಿದೆ. ಅವಳು ಏರ್‌ಲಾಕಿನೊಳಗೆ (ಹೊರಗಿನಿಂದ ನೌಕೆಯೊಳಗೆ ಬರುವ ಎರಡು ಬಾಗಿಲಿನ ಪುಟ್ಟ ಕೋಣೆ) ಸೇರಿ ಗಾಳಿ ತುಂಬಿಕೊಂಡಾಗ ಸದ್ದುಗಳು ಒಂದೊಂದಾಗಿ ವಾಪಸ್ ಬರುತ್ತವೆ. ಸೌಂಡ್ ಎಡಿಟಿಂಗ್, ಸೌಂಡ್ ಮಿಕ್ಸಿಂಗ್, ಸಂಗೀತ, ಮೂರಕ್ಕೂ ಆಸ್ಕರ್ ಬಂತು. ತಮಾಷೆ ಅಂದರೆ ಸದ್ದಿನಲ್ಲಿ ಇಷ್ಟು ಕಟ್ಟುನಿಟ್ಟಾಗಿದ್ದವರು ಭೂಗೋಳದಲ್ಲಿ ಧಾರಾಳ! ಹಬಲ್ ದೂರದರ್ಶಕವೂ ನಿಲ್ದಾಣವೂ ಬೇರೆ ಬೇರೆ ಎತ್ತರದಲ್ಲಿ, ಬೇರೆ ಬೇರೆ ಓರೆಯಲ್ಲಿ ಸುತ್ತುತ್ತವೆ. ಒಂದರಿಂದ ಇನ್ನೊಂದಕ್ಕೆ ಅವರು ತೋರಿಸಿದ ಹಾಗೆ ತೇಲಿಕೊಂಡು ಹೋಗುವುದು ಆಗದ ಮಾತು.

ಹೀಗೆ ಮುಟ್ಟಿದಾಗ ಮಾತ್ರ ಕೇಳಿಸುವ ಸದ್ದು ಹಿಡಿಯಲು ಗಾಳಿಯ ಮೈಕ್ ಬೇಡ, ವಸ್ತುವಿಗೇ ಅಂಟಿಸುವ ಕಾಂಟ್ಯಾಕ್ಟ್ ಮೈಕ್ ಬೇಕು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಪೀಜೋ ಬಿಲ್ಲೆ (ನಡುಕವನ್ನು ವಿದ್ಯುತ್ತಾಗಿ ಬದಲಿಸುವ ಪುಟ್ಟ ಬಿಲ್ಲೆ) ಅಂತ ಕೇಳಿದರೆ ಚಿಲ್ಲರೆ ಕಾಸಿಗೆ ಕೊಡುತ್ತಾರೆ. ಹಿಂದೊಮ್ಮೆ ಒಂದು ಕಿರುಚಿತ್ರಕ್ಕೆ ನೌಕೆಯ ಒಳಗಿನ ಸದ್ದು ಬೇಕಿತ್ತು. ಬಜೆಟ್ ಅಂತೂ ಕೇಳಲೇಬೇಡಿ. ಬಿಲ್ಲೆಗೆ ವೈರ್ ಬೆಸುಗೆ ಹಾಕಿ, ಮನೆಯ ದೋಸೆ ಹಿಟ್ಟು ರುಬ್ಬುವ ಗ್ರೈಂಡರಿನ ಹೊಟ್ಟೆಗೆ ಟೇಪ್ ಹಚ್ಚಿ ಅಂಟಿಸಿದೆ. ಹೊರಗೆ ನಿಂತರೆ ಗರಗರ ಅಡುಗೆಮನೆ ಸದ್ದು. ಹೆಡ್‌ಫೋನಿನಲ್ಲಿ ಕಲ್ಲು ಕಾಣುವುದಿಲ್ಲ, ಅಕ್ಕಿ ಕಾಣುವುದಿಲ್ಲ. ಯಾವುದೋ ದೊಡ್ಡ ಎಂಜಿನ್ ಆಳದಲ್ಲಿ ಉರುಳುತ್ತಿದೆ. ವೇಗವನ್ನು ಅರ್ಧಕ್ಕೆ ಇಳಿಸಿದೆ, ಮುಗಿಯಿತು, ನೌಕೆ ಸಿದ್ಧ. ಬಾಗಿಲು ಮುಚ್ಚುವ ಸದ್ದಿಗೆ ಟೆರೇಸಿನ ಖಾಲಿ ಡ್ರಮ್ಮು. ಅದು ಗ್ರೈಂಡರ್ ಅಂತ ನಿರ್ದೇಶಕರಿಗೆ ಇವತ್ತಿಗೂ ಹೇಳಿಲ್ಲ.

ಗ್ರಾವಿಟಿಗೆ ಎಷ್ಟೋ ಮೊದಲು, 1968ರಲ್ಲೇ ಸ್ಟ್ಯಾನ್ಲಿ ಕ್ಯೂಬ್ರಿಕ್ '2001: ಎ ಸ್ಪೇಸ್ ಒಡಿಸ್ಸಿ'ಯಲ್ಲಿ ಈ ಕೆಲಸ ಮಾಡಿಟ್ಟಿದ್ದ. ಚಂದ್ರನ ಮೇಲೆ ಆಗಿನ್ನೂ ಯಾರೂ ಕಾಲಿಟ್ಟಿರಲಿಲ್ಲ ಅನ್ನುವುದು ನೆನಪಿರಲಿ. ಹೊರಗೆ ನಡೆಯುವ ಸೀನುಗಳಲ್ಲಿ ಒಂದೋ ಉಸಿರಿನ ಸದ್ದು, ಇಲ್ಲ ಸಂಗೀತ, ಇಲ್ಲ ಏನೂ ಇಲ್ಲ. ಬೋಮನ್ ಅನ್ನುವ ಗಗನಯಾತ್ರಿ ಹೆಲ್ಮೆಟ್ ಇಲ್ಲದೆ ಪುಟ್ಟ ನೌಕೆಯ ಬಾಗಿಲು ಸಿಡಿಸಿ ಏರ್‌ಲಾಕಿಗೆ ಹಾರುವ ಸೀನನ್ನು ಹೆಡ್‌ಫೋನ್ ಹಾಕಿಕೊಂಡು ನೋಡಿ. ಸಿಡಿಯುವ ತನಕ ಎಚ್ಚರಿಕೆಯ ಬೀಪ್ ಬೀಪ್. ಸಿಡಿಯಿತು, ಹೊಗೆ ನುಗ್ಗಿತು, ಅವನು ಗೋಡೆಗೆ ಬಡಿದು ಚೆಂಡಿನ ಹಾಗೆ ಪುಟಿದ. ಸದ್ದಿಲ್ಲ. ಕೈ ಚಾಚಿ ಹಿಡಿ ಎಳೆದ, ಬಾಗಿಲು ಮುಚ್ಚಿತು, ಗಾಳಿ ನುಗ್ಗಿತು, ಆಗ ಭುಸ್ ಅಂತ ಸದ್ದು ಬಂತು. ಅವನು ಬದುಕಿದ ಅಂತ ಸದ್ದೇ ಹೇಳುತ್ತದೆ.

ಹೆಲ್ಮೆಟ್ ಇಲ್ಲದೆ ಅಷ್ಟು ಹೊತ್ತು ಬದುಕುತ್ತಾರಾ? ಕೆಲವು ಸೆಕೆಂಡು, ಹೌದು. 1966ರಲ್ಲಿ ಹ್ಯೂಸ್ಟನ್ನಿನ ನಿರ್ವಾತ ಕೋಣೆಯಲ್ಲಿ ಸೂಟ್ ಪರೀಕ್ಷೆ ಮಾಡುತ್ತಿದ್ದ ಜಿಮ್ ಲೆಬ್ಲಾಂಕ್ ಅವರ ಕೊಳವೆ ಕಳಚಿಕೊಂಡಿತು. ಹದಿನಾಲ್ಕು ಸೆಕೆಂಡಿನ ಹೊತ್ತಿಗೆ ಎಚ್ಚರ ತಪ್ಪಿತು. ನಾಲಿಗೆಯ ಮೇಲಿನ ಉಗುಳು ಗುಳುಗುಳು ಕುದಿಯುತ್ತಿದ್ದುದು ಅವರಿಗಿದ್ದ ಕೊನೆಯ ನೆನಪು. ಬೇಗ ಗಾಳಿ ತುಂಬಿಸಿದರು, ಬದುಕಿಕೊಂಡರು. ಬೋಮನ್ ಮಾಡಿದ ಒಂದೇ ತಪ್ಪು ಉಸಿರು ಬಿಗಿಹಿಡಿದದ್ದು. ಹಾಗೆ ಮಾಡಿದರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶವನ್ನೇ ಹರಿಯಬಹುದು.

ಇಷ್ಟೆಲ್ಲ ಗೊತ್ತಿದ್ದೂ ಬೇರೆಯವರು ಯಾಕೆ ಹಾಗೆ ಮಾಡುವುದಿಲ್ಲ? ಒಂದು ಕಾರಣ, ಪ್ರೇಕ್ಷಕರು. 2014ರಲ್ಲಿ 'ಇಂಟರ್‌ಸ್ಟೆಲ್ಲಾರ್' ನೋಡಲು ಹೋಗಿದ್ದೆ. ಒಬ್ಬ ಹಟಕ್ಕೆ ಬಿದ್ದು ಏರ್‌ಲಾಕ್ ತೆರೆಯುತ್ತಾನೆ, ಮಾತಿನ ಮಧ್ಯದಲ್ಲೇ ಅವನ ಕಥೆ ಮುಗಿಯುತ್ತದೆ. ಕ್ಯಾಮೆರಾ ಹೊರಗಿದೆ, ಹಾಗಾಗಿ ಅಷ್ಟು ದೊಡ್ಡ ಸ್ಫೋಟಕ್ಕೆ ಸದ್ದೇ ಇಲ್ಲ. ನನಗೆ ಮೈ ಜುಮ್ ಅಂತು. ಹಿಂದಿನ ಸಾಲಿನಿಂದ ಒಬ್ಬ "ಏಯ್, ಸೌಂಡ್ ಹಾಕ್ರೋ" ಅಂತ ಕೂಗಿದ, ಇನ್ನಿಬ್ಬರು ಶಿಳ್ಳೆ ಹೊಡೆದರು. ನಮ್ಮವರು ಮಾತ್ರ ಹೀಗೆ ಅಂದುಕೊಳ್ಳಬೇಡಿ. 2017ರ 'ದಿ ಲಾಸ್ಟ್ ಜೆಡೈ'ನಲ್ಲಿ ಒಂದು ನೌಕೆ ಇನ್ನೊಂದನ್ನು ಸೀಳಿಕೊಂಡು ಹೋಗುವಾಗ ಸದ್ದು ಪೂರ್ತಿ ನಿಲ್ಲುತ್ತದೆ. ಅಮೆರಿಕದ ಒಂದು ಥಿಯೇಟರಿನವರು ಬಾಗಿಲಲ್ಲಿ ನೋಟಿಸ್ ಅಂಟಿಸಬೇಕಾಯಿತು: ಅದು ಬೇಕಂತಲೇ ಮಾಡಿದ್ದು, ನಮ್ಮ ಸ್ಪೀಕರ್ ಕೆಟ್ಟಿಲ್ಲ ಅಂತ.

ನಮ್ಮ ಕಡೆಯ ಕಷ್ಟವೂ ಇದೆ. ಟ್ರ್ಯಾಕಿನಲ್ಲಿ ಪೂರ್ತಿ ಸೊನ್ನೆ ಇಟ್ಟರೆ ಥಿಯೇಟರಿನ ಏಸಿ, ಪಾಪ್‌ಕಾರ್ನ್ ಅಗಿಯುವುದು, ಪಕ್ಕದವರ ಕೆಮ್ಮು, ಎಲ್ಲ ಎದ್ದು ಕೂರುತ್ತವೆ. ಅದಕ್ಕೇ 'ಸದ್ದಿಲ್ಲ' ಅನ್ನುವ ಕಡೆಯೂ ಹೆಚ್ಚಾಗಿ ಕಿವಿಗೆ ಗೊತ್ತಾಗದಷ್ಟು ಸಣ್ಣ ಗುಂಯ್ ಒಂದನ್ನು ಹಾಸಿರುತ್ತೇವೆ.

'ಸ್ಟಾರ್ ವಾರ್ಸ್' ವಿಷಯಕ್ಕೆ ಬಂದರೆ ನಾನು ಭಾವನವರ ಪಕ್ಷ ಬಿಡುತ್ತೇನೆ. 1977ರಲ್ಲಿ ಜಾರ್ಜ್ ಲ್ಯೂಕಸ್ ಆ ಕಾಳಗಗಳನ್ನು ಕಟ್ಟಿದ್ದು ಎರಡನೇ ಮಹಾಯುದ್ಧದ ವಿಮಾನಗಳ ಕಾದಾಟದ ಫಿಲಂ ತುಣುಕುಗಳನ್ನು ಮುಂದಿಟ್ಟುಕೊಂಡು. ಅವು ನೌಕೆಯ ವೇಷ ಹಾಕಿದ ವಿಮಾನಗಳು. ವಿಮಾನ ಅಂದ ಮೇಲೆ ಸದ್ದು ಬೇಡವಾ? ಸೌಂಡ್ ಡಿಸೈನರ್ ಬೆನ್ ಬರ್ಟ್ ಶತ್ರು ನೌಕೆಯ ಕಿರುಚಾಟಕ್ಕೆ ಆನೆ ಘೀಳಿಡುವುದನ್ನೂ ಒದ್ದೆ ರಸ್ತೆಯಲ್ಲಿ ಕಾರು ಹೋಗುವ ಸದ್ದನ್ನೂ ಬೆರೆಸಿದರು. ಬೆಳಕಿನ ಕತ್ತಿಯ ಗುಂಯ್‌ಗೆ ಪ್ರೊಜೆಕ್ಟರಿನ ಮೋಟಾರು ಮತ್ತು ಟಿವಿ ಹತ್ತಿರ ಹೋದ ಮೈಕಿನ ಝೇಂಕಾರ. ಬಂದೂಕಿನ 'ಪ್ಯೂಂ'ಗೆ ರೇಡಿಯೋ ಗೋಪುರವನ್ನು ಬಿಗಿದು ಕಟ್ಟಿದ ತಂತಿಗೆ ಹೊಡೆದ ಏಟು. ಸದ್ದು ಇರಬಾರದ ಕಡೆ ಸದ್ದು ಹಾಕಿದರು ನಿಜ, ಆದರೆ ಎಲ್ಲವೂ ಲೋಕದಲ್ಲಿ ನಿಜವಾಗಿ ಕೇಳಿದ ಸದ್ದು. ಯಕ್ಷಗಾನದಲ್ಲಿ ರಾಕ್ಷಸ ಬಂದಾಗ ಚಂಡೆ ಯಾಕೆ ಬಾರಿಸುತ್ತಾರೆ ಅಂತ ಯಾರೂ ಕೇಳುವುದಿಲ್ಲ, ಅಲ್ವಾ?

ಭೂಮಿಯ ಮೇಲಿನ ಸಿನಿಮಾಗಳೇನು ಸಾಚಾನಾ? ಸದ್ದು ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡು ಬೇಕು. ಪರದೆಯ ಮೇಲೆ ಆಚೆ ಗುಡ್ಡದಲ್ಲಿ ಬಾಂಬ್ ಬಿದ್ದರೆ ಬೆಳಕಿನ ಜೊತೆಗೇ ಢಮಾರ್. ಮಿಂಚು ಗುಡುಗು ನೋಡಿ ಬೆಳೆದವರೇ ಅದನ್ನು ಆರಾಮಾಗಿ ನೋಡುತ್ತೇವೆ. ನನಗೆ ಸಿಟ್ಟು ಬರುವುದು 'ಇದು ನಿಜದ ಹಾಗಿದೆ' ಅಂತ ಪ್ರಚಾರ ಮಾಡಿ, ಮೊದಲ ಅರ್ಧ ಮೈಕನ್ನು ಹೆಲ್ಮೆಟ್ಟಿನಲ್ಲಿಟ್ಟು, ಕ್ಲೈಮ್ಯಾಕ್ಸ್ ಬಂದ ತಕ್ಷಣ ಕಿತ್ತು ಹೊರಗೆಸೆಯುವವರ ಮೇಲೆ.

ಮಂಗಳ ಗ್ರಹದ ಕಥೆ ಆದರೆ ಪೂರ್ತಿ ಮೌನವೂ ತಪ್ಪು. ಅಲ್ಲಿ ತೆಳು ಗಾಳಿ ಇದೆ, ಒತ್ತಡ ನಮ್ಮದರ ನೂರನೇ ಒಂದು ಭಾಗಕ್ಕಿಂತ ಕಡಿಮೆ. 2021ರಲ್ಲಿ ಇಳಿದ ಪರ್ಸಿವಿಯರೆನ್ಸ್ ರೋವರಿನಲ್ಲಿ ಎರಡು ಮೈಕ್ ಇದ್ದವು. 80 ಮೀಟರ್ ಆಚೆ ಹಾರುತ್ತಿದ್ದ ಇಂಜೆನ್ಯುಯಿಟಿ ಹೆಲಿಕಾಪ್ಟರಿನ ರೆಕ್ಕೆಯ ಸದ್ದನ್ನು ಒಂದು ಮೈಕ್ ಹಿಡಿಯಿತು, ದೂರದಲ್ಲಿ ಸೊಳ್ಳೆ ಸುಳಿದಂತೆ ಸಣ್ಣಗೆ, ಆದರೆ 84 ಹರ್ಟ್ಸ್‌ನ ದಪ್ಪ ಸ್ವರದಲ್ಲಿ. ಅಲ್ಲಿನ ಇಂಗಾಲದ ಡೈಆಕ್ಸೈಡ್ ತೆಳು ಸ್ವರಗಳನ್ನು ನುಂಗಿಹಾಕುತ್ತದೆ. ಜೊತೆಗೆ ಒಂದು ವಿಚಿತ್ರ: ದಪ್ಪ ಸ್ವರಗಳು ಸೆಕೆಂಡಿಗೆ ಸುಮಾರು 240 ಮೀಟರ್ ಹೋದರೆ ತೆಳು ಸ್ವರಗಳು 250. ಅಲ್ಲಿ ಕಛೇರಿ ನಡೆದರೆ ಹಿಂದಿನ ಸಾಲಿನವರಿಗೆ ಮೃದಂಗದ ಬಲಗಡೆ ಮೊದಲು, ಎಡಗಡೆ ಆಮೇಲೆ!

ಕೊನೆಗೆ ಕಪ್ಪುಕುಳಿ. ಯೂಟ್ಯೂಬಿನಲ್ಲಿ 'ಶನಿಯ ಸದ್ದು', 'ಗುರುವಿನ ಸದ್ದು' ಅಂತ ಬರುವುದು ಸದ್ದಲ್ಲ. ನೌಕೆ ಹಿಡಿದ ರೇಡಿಯೋ ಅಲೆಯನ್ನೋ ಪ್ಲಾಸ್ಮಾದ (ವಿದ್ಯುತ್ ತುಂಬಿದ ಕಣಗಳ ಅನಿಲ) ನಡುಕವನ್ನೋ ನಮ್ಮ ಕಿವಿಗೆ ಬದಲಿಸಿಕೊಟ್ಟದ್ದು. ಆದರೆ 2022ರಲ್ಲಿ ನಾಸಾ ಬಿಟ್ಟದ್ದು ಬೇರೆ ಜಾತಿ. ಪರ್ಸಿಯಸ್ ಅನ್ನುವ ಗ್ಯಾಲಕ್ಸಿಗಳ ಗುಂಪಿನಲ್ಲಿ ಗ್ಯಾಲಕ್ಸಿಗಳ ನಡುವೆಯೂ ಬಿಸಿ ಅನಿಲ ತುಂಬಿದೆ. ನಮ್ಮ ಲೆಕ್ಕದಲ್ಲಿ ತೀರಾ ತೆಳು, ಆದರೆ ಜಾಗ ಎಷ್ಟು ದೊಡ್ಡದೆಂದರೆ ಅಲೆ ಏಳಲು ಅಷ್ಟು ಸಾಕು. ನಡುವಿನ ಕಪ್ಪುಕುಳಿ ಆ ಅನಿಲವನ್ನು ನೂಕುತ್ತದೆ, ನೂಕು ಅಲೆಯಾಗಿ ಹೋಗುತ್ತದೆ. ಚಂದ್ರಾ ಎಕ್ಸ್-ರೇ ದೂರದರ್ಶಕದ ಚಿತ್ರದಲ್ಲಿ ಆ ಅಲೆಗಳು ಕಂಡದ್ದನ್ನು 2003ರಲ್ಲೇ ಹೇಳಿದ್ದರು. ಅದು ನಿಜವಾದ ಸದ್ದು, ಜಾತ್ರೆಯ ನೂಕೇ. ಪಿಯಾನೋದ ನಡುವಿನ ಸ್ವರಕ್ಕಿಂತ 57 ಸ್ಥಾಯಿ ಕೆಳಗಿದೆ, ಅಷ್ಟೇ. ನೀವು ಕೇಳಿದ ಆ ಊಳಿಡುವ ಸದ್ದು ಅದನ್ನು 57, 58 ಸ್ಥಾಯಿ ಮೇಲೆತ್ತಿ ಕೊಟ್ಟದ್ದು. ಮೂಲದಲ್ಲಿ ಒಂದು ಅಲೆ ದಾಟಲು ಸುಮಾರು ಒಂದು ಕೋಟಿ ವರ್ಷ ಬೇಕು. ಭಾವನವರು ಅದನ್ನೂ ಆಫ್ ಮಾಡುತ್ತೇನೆ ಅಂದರೆ ಮಾಡಲಿ ಬಿಡಿ, ಈ ಅಲೆ ಇನ್ನೂ ಅರ್ಧ ದಾರಿಗೂ ಬಂದಿರುವುದಿಲ್ಲ.